ಮಾತು ಬಿಟ್ಟ ಅಣ್ಣತಮ್ಮಂದಿರು ಮತ್ತು ಮತ್ತೆ ಕೇಳಬಾರದ ಪ್ರಶ್ನೆ

ಬ್ರಿಟನ್ನಿನ ಒಕ್ಕೂಟ ಒಡೆಯದಂತೆ ಕಾಯುವ ಹೊಣೆ ಹೊತ್ತಿರುವ ಮಾನ್ಯ ಮಂತ್ರಿಗಳೇ,

ತಾವು ನಮ್ಮ ಮನೆಯ ಕಥೆಯನ್ನು ನಮಗೆ ಹೇಳದೆ ಎತ್ತಿಕೊಂಡು ಹೋಗಿದ್ದೀರಿ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಅರ್ಧ ಮಾತ್ರ ಎತ್ತಿಕೊಂಡು ಹೋಗಿದ್ದೀರಿ. ಆ ಅರ್ಧವನ್ನು ತಾವು ದೇಶಕ್ಕೆಲ್ಲ ಕೇಳುವಂತೆ ಹೇಳಿರುವುದರಿಂದ ಉಳಿದರ್ಧವನ್ನು ನಾನು ದೇಶಕ್ಕೆಲ್ಲ ಕೇಳುವಂತೆಯೇ ಹೇಳಬೇಕಾಗಿದೆ. ಹಾಗಾಗಿ ಈ ಪತ್ರ ತಮ್ಮ ಕಚೇರಿಯ ಅಂಚೆಪೆಟ್ಟಿಗೆಗೆ ಬರದೆ ಪತ್ರಿಕೆಗೆ ಬಂದಿದೆ. ಕ್ಷಮೆ ಕೇಳುವುದಿಲ್ಲ.

ಕಳೆದ ತಿಂಗಳು ದಕ್ಷಿಣದ ಒಂದು ದೊಡ್ಡ ಸಭಾಂಗಣದಲ್ಲಿ ತಮ್ಮ ಪಕ್ಷದವರ ಮುಂದೆ ತಾವು ಮಾಡಿದ ಭಾಷಣ ಅಚ್ಚಾಗಿ ನಮ್ಮೂರಿಗೂ ಬಂತು. ಅದರಲ್ಲಿ 'ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಇಬ್ಬರು ಮೀನುಗಾರ ಸಹೋದರರು' ಬರುತ್ತಾರೆ. ಜನಮತಗಣನೆಯಲ್ಲಿ ಒಬ್ಬ ಒಕ್ಕೂಟ ಬಿಡೋಣ ಎಂದನಂತೆ, ಇನ್ನೊಬ್ಬ ಉಳಿಯೋಣ ಎಂದನಂತೆ, ಅಂದಿನಿಂದ ಮಾತು ಬಿಟ್ಟರಂತೆ. ಆ ಮೌನದಲ್ಲೇ ಒಬ್ಬ ಸಮುದ್ರದಲ್ಲಿ ಮುಳುಗಿ ಸಾಯುವ ಹಂತ ತಲುಪಿದನಂತೆ. 'ಅಂಥ ಕುಟುಂಬಗಳನ್ನು ಇನ್ನೊಮ್ಮೆ ಆ ಪ್ರಶ್ನೆಯ ಬಾಯಿಗೆ ಕೊಡಲು ನಾನು ಬಿಡುವುದಿಲ್ಲ' ಎಂದಿರಿ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು ಎಂದು ವರದಿಗಾರರು ಬರೆದಿದ್ದಾರೆ.

ಮಾನ್ಯರೇ, ಆ ಇಬ್ಬರಲ್ಲಿ ಕಿರಿಯವನು ನನ್ನ ಗಂಡ ಲಾಕ್ಲನ್. ಹಿರಿಯವನು ನನ್ನ ಭಾವ ಟಾರ್ಕಿಲ್. ಈ ಕಥೆಯನ್ನು ತಮಗೆ ಹೇಳಿದವಳು ನಾನು. ಹೋದ ವಸಂತದಲ್ಲಿ ತಾವು ನಮ್ಮೂರು ಪೋರ್ಟ್ ಫಿಯರ್ನದ ದೋಣಿಕಟ್ಟೆಗೆ ಬಂದು, ಸೀಗಡಿಯ ಪೆಟ್ಟಿಗೆ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡಿರಿ. ಆಮೇಲೆ ಊರಿನ ಸಮುದಾಯ ಭವನದಲ್ಲಿ ಚಹಾಕ್ಕೆ ಕೂತಿರಿ. ನಾನು ಕೊಟ್ಟ ಸ್ಕೋನ್ ಬನ್ನಿನ ಮೇಲೆ ಜಾಮ್ ಹಚ್ಚಿಕೊಳ್ಳುತ್ತಾ, 'ಜನಮತಗಣನೆಯ ಗಾಯ ಇಲ್ಲಿ ಆರಿದೆಯೇ?' ಎಂದು ಕೇಳಿದಿರಿ. ತಮ್ಮ ಮುಖದಲ್ಲಿ ಕೇಳುವವರ ಗಾಂಭೀರ್ಯವಿತ್ತು. ಮೂವತ್ತು ವರ್ಷ ಇದೇ ಊರಿನ ಮಕ್ಕಳಿಗೆ ಪಾಠ ಹೇಳಿದವಳು ನಾನು; ಪಾಠ ಕೇಳುವ ಮುಖಕ್ಕೂ ಗಂಟೆ ಹೊಡೆಯುವುದನ್ನು ಕಾಯುವ ಮುಖಕ್ಕೂ ವ್ಯತ್ಯಾಸ ನನಗೆ ಗೊತ್ತಾಗುತ್ತದೆ. ತಮ್ಮದು ಮೊದಲನೆಯ ಮುಖ ಅಂದುಕೊಂಡು ಹೇಳತೊಡಗಿದೆ. ನಡುವೆ ತಮ್ಮ ಸಹಾಯಕರು ಬಂದು ಕಾರು ಸಿದ್ಧವಾಗಿದೆ ಎಂದರು. ತಾವು ಎದ್ದಿರಿ. ಕಥೆ ಅಲ್ಲಿಗೆ ನಿಂತಿತ್ತು. ಅದೇ ಕೊನೆ ಎಂದು ತಾವು ಭಾವಿಸಿದಂತಿದೆ.

ಮೊದಲಿನಿಂದ ಹೇಳುತ್ತೇನೆ. ಈ ಸಲ ಕಾರು ಕಾಯಲಿ.

ಲಾಕ್ಲನ್ ಮತ್ತು ಟಾರ್ಕಿಲ್ ಹುಡುಗರಾಗಿದ್ದಾಗಿನಿಂದ ಒಂದೇ ದೋಣಿಯಲ್ಲಿ ದುಡಿದವರು. ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿದ ಬಲೆಬುಟ್ಟಿಗಳನ್ನು ತಳಕ್ಕೆ ಬಿಟ್ಟು ಸೀಗಡಿ ಹಿಡಿಯುವುದು ಅವರ ಕಸುಬು. ಜೀವಂತ ಸೀಗಡಿ ಲಾರಿ ಹತ್ತಿ ಸ್ಪೇನಿಗೆ ಹೋಗುತ್ತದೆ. ಅಲ್ಲಿಯ ಜನ ಅದನ್ನು ಹಬ್ಬದೂಟವೆಂದು ತಿನ್ನುತ್ತಾರೆ. ನಾವು ತಿನ್ನುವುದು ಒಡೆದವು, ಕಾಲು ಮುರಿದವು.

ಎರಡು ಸಾವಿರದ ಹದಿನಾಲ್ಕರಲ್ಲಿ ಪ್ರಶ್ನೆ ಬಂತು: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ? ಟಾರ್ಕಿಲ್ ಹೌದು ಎಂದ. ಅವನು ಹುಟ್ಟುವಾಗಲೇ ಹೌದು ಎನ್ನುತ್ತ ಹುಟ್ಟಿದವನು. ಲಾಕ್ಲನ್ ಬೇಡ ಎಂದ. ನಾನೂ ಬೇಡ ಎಂದೆ. ಇದನ್ನು ತಮ್ಮ ಭಾಷಣ ಬರೆಯುವವರು ಗಮನಿಸಲಿ. ಈ ಪತ್ರ ಬರೆಯುತ್ತಿರುವವಳು ತಮ್ಮ ಕಡೆಗೆ ಮತ ಹಾಕಿದವಳು. ನಮ್ಮ ಮಗಳು ಲೀಡ್ಸಿನಲ್ಲಿದ್ದಾಳೆ, ಅಳಿಯ ಯಾರ್ಕ್‌ಷೈರಿನವನು. ಜೊತೆಗೆ, ಯುರೋಪಿನಲ್ಲಿ ಉಳಿಯಬೇಕಾದರೆ ಬ್ರಿಟನ್ನಿನಲ್ಲಿ ಉಳಿಯಿರಿ ಎಂದು ಬಾಗಿಲಿಗೆ ಬಂದವರು ಹೇಳಿದರು. ಸ್ಪೇನಿಗೆ ಹೋಗುವ ಲಾರಿಯನ್ನು ನೆನೆದು ನಾವು ಒಪ್ಪಿದೆವು. ಎರಡೇ ವರ್ಷದಲ್ಲಿ ಬ್ರಿಟನ್ನೇ ಯುರೋಪಿಗೆ ಬೆನ್ನು ತಿರುಗಿಸಿದಾಗ ಆ ಮಾತಿನ ಗತಿ ಏನಾಯಿತೆಂದು ತಮಗೆ ನಾನು ಹೇಳಬೇಕೆ?

ಉಳಿಯೋಣ ಎಂದವರು ಗೆದ್ದರೆಂದು ಫಲಿತಾಂಶ ಬಂದ ಬೆಳಿಗ್ಗೆ ಕಟ್ಟೆಯ ಮೇಲೆ ನಾನೂ ಇದ್ದೆ. ಗಂಡ ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಹೋಗಿದ್ದೆ. ಟಾರ್ಕಿಲ್ ಹಗ್ಗ ಸುತ್ತುತ್ತಿದ್ದ, ತಲೆ ಎತ್ತಲಿಲ್ಲ.

"ಹೆದ್ರಿಕೊಂಡ್ ಹಾಕ್ದೆ ಅಲ್ವೇನೋ?" ಎಂದ. "ಅವ್ರು ಗುಮ್ಮ ಅಂದ್ರು, ನೀನು ಕಂಬಳಿ ಹೊದ್ಕೊಂಡೆ."

ಸುತ್ತ ನಾಲ್ಕು ಜನ ಇದ್ದರು. ಲಾಕ್ಲನ್‌ಗೆ ಕಿವಿ ಕೆಂಪಾಯಿತು.

"ನಂಗೆ ಮಗಳಿದಾಳೆ, ನಾಳೆ ಮೊಮ್ಮಕ್ಕಳು ಬರ್ತಾರೆ. ನಾನು ಯೋಚ್ನೆ ಮಾಡಿ ಹಾಕ್ಬೇಕು," ಎಂದ. "ನಿಂಗೇನು? ಹಿಂದಿಲ್ಲ, ಮುಂದಿಲ್ಲ. ದೇಶ ಪಣಕ್ಕಿಟ್ಟು ಜೂಜಾಡಿದ್ರೂ ನಡೆಯುತ್ತೆ."

ಟಾರ್ಕಿಲ್‌ನ ಹೆಂಡತಿ ಮಾರ್ಸಲಿ ತೀರಿಕೊಂಡು ಆಗಿನ್ನೂ ಬಹಳ ದಿನವಾಗಿರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ಅವರು ಹತ್ತಿದ ಆಸ್ಪತ್ರೆಗಳು, ಹೊಲಿದು ಮಡಚಿಟ್ಟ ಪುಟ್ಟ ಬಟ್ಟೆಗಳು, ಎಲ್ಲವೂ ನಮ್ಮ ಕಣ್ಣೆದುರೇ ನಡೆದದ್ದು. ಟಾರ್ಕಿಲ್ ಸುತ್ತುತ್ತಿದ್ದ ಹಗ್ಗವನ್ನು ಮೆಲ್ಲಗೆ ಕೆಳಗಿಟ್ಟ. ತಮ್ಮನನ್ನು ಒಮ್ಮೆ ನೋಡಿದ. ಅವತ್ತಿನಿಂದ ಮಾತು ನಿಂತಿತು.

ದೋಣಿ ಮಾತ್ರ ನಿಲ್ಲಲಿಲ್ಲ. ಇಬ್ಬರದೂ ಅದು, ಇಬ್ಬರಿಗೂ ಹೊಟ್ಟೆಪಾಡು. ಹಾಗಾಗಿ ನಮ್ಮ ನಾಯಿ ಬ್ರಾನ್‌ಗೆ ರಾಯಭಾರಿಯ ಕೆಲಸ ಬಿತ್ತು. ಅದು ದಿನವೂ ದೋಣಿ ಹತ್ತುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಅದಕ್ಕೇ ಹೇಳುತ್ತಿದ್ದರು.

"ಬ್ರಾನ್, ನಿಮ್ ಯಜಮಾನ್ರಿಗೆ ಹೇಳು, ಎಡಕ್ಕೆ ಬಂಡೆ ಇದೆ. ಅವ್ರು ಬ್ರಿಟಿಷ್ ಪ್ರಜೆ ಅಂತ ಬಂಡೆಗೆ ಗೊತ್ತಾಗಲ್ಲ."

"ಬ್ರಾನ್, ಆ ಸ್ವತಂತ್ರ ದೇಶದೋರಿಗೆ ಹೇಳು, ಕಣ್ಣು ನಂಗೂ ಇದೆ."

ಊರು ನಕ್ಕಿತು. ಅಂಗಡಿಯ ಮುರ್ಡಿನಾ, "ಡೋಲಿನಾ, ಆ ನಾಯೀನ ವಿಶ್ವಸಂಸ್ಥೆಗೆ ಕಳ್ಸೆ, ಅಲ್ಲಿ ಕೆಲಸ ಖಾಲಿ ಇರ್ಬೇಕು," ಎನ್ನುತ್ತಿದ್ದಳು. ನಾನೂ ನಗುತ್ತಿದ್ದೆ. ನಮ್ಮ ಮನೆಯ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಾಗಿದ್ದುದನ್ನು ಬಿಟ್ಟರೆ ನಗುವ ವಿಷಯವೇ ಅದು.

ಮೂರನೆಯ ವರ್ಷದ ಶರತ್ಕಾಲ. ಬುಟ್ಟಿ ಬಿಡುವ ಹೊತ್ತು. ದೋಣಿ ಮುಂದೆ ಸಾಗುತ್ತಿರುವಾಗ ಬುಟ್ಟಿಗಳು ಹಿಂದಿನಿಂದ ಒಂದೊಂದಾಗಿ ನೀರಿಗೆ ಬೀಳುತ್ತವೆ, ಅವುಗಳ ಭಾರಕ್ಕೆ ಹಗ್ಗ ಹಾವಿನಂತೆ ಓಡುತ್ತದೆ. ಲಾಕ್ಲನ್ ಚುಕ್ಕಾಣಿಯಲ್ಲಿದ್ದ. ಟಾರ್ಕಿಲ್ ಹಿಂದಿದ್ದ. ಓಡುವ ಹಗ್ಗದ ಒಂದು ಕುಣಿಕೆ ಅವನ ಕಾಲಿಗೆ ಬಿತ್ತು. ಹೀಗಾದಾಗ ಕೂಗಲು ಒಂದು ಉಸಿರಿನಷ್ಟು ಹೊತ್ತು ಸಿಗುತ್ತದೆ. ಟಾರ್ಕಿಲ್ ಕೂಗಿದ.

"ಬ್ರಾನ್!" ಎಂದು ಕೂಗಿದ.

ಲಾಕ್ಲನ್‌ಗೆ ಕೇಳಿಸಿತು. ಮತ್ತೇನೋ ಕೊಂಕು ಹೇಳಲು ನಾಯಿಯನ್ನು ಕರೆಯುತ್ತಿದ್ದಾನೆ ಎಂದುಕೊಂಡ. ತಿರುಗಲಿಲ್ಲ.

ತಿರುಗಿದ್ದು ನಾಯಿ. ಅದು ದೋಣಿಯ ಹಿಂಬದಿಗೆ ಓಡಿ, ನೀರಿನತ್ತ ಬಾಗಿ, ಗಂಟಲು ಹರಿಯುವಂತೆ ಬೊಗಳತೊಡಗಿದ ಮೇಲೆ ಲಾಕ್ಲನ್ ತಲೆ ಹೊರಳಿಸಿದ. ಹಿಂದೆ ಯಾರೂ ಇರಲಿಲ್ಲ. ಎಂಜಿನ್ನಿನ ಗೇರು ಬಿಡಿಸಿದ, ಹಗ್ಗವನ್ನು ಎಳೆಯುವ ಯಂತ್ರಕ್ಕೆ ಹಾಕಿದ. ಯಂತ್ರ ಎಳೆಯುವಷ್ಟೂ ಹೊತ್ತು ಅಣ್ಣನ ಹೆಸರು ಹಿಡಿದು ಕೂಗುತ್ತಲೇ ಇದ್ದನಂತೆ. ಆ ಹೆಸರು ಅವನ ಬಾಯಲ್ಲಿ ಬಂದು ಅಷ್ಟು ವರ್ಷವಾಗಿತ್ತು. ಟಾರ್ಕಿಲ್ ಕಾಲು ಮೇಲಾಗಿ ಬಂದ, ನೀಲಿಯಾಗಿ. ಲಾಕ್ಲನ್ ಅವನನ್ನು ಒಳಗೆಳೆದು, ಎದೆ ಒತ್ತಿ, ಬಾಯಿಗೆ ಬಾಯಿಟ್ಟು ಉಸಿರು ಊದಿದ. ನೀರು ಕಕ್ಕಿದ ಮೇಲೆ ರೇಡಿಯೋ ಹಿಡಿದ. ಹೆಲಿಕಾಪ್ಟರ್ ಬಂತು.

ಮಂತ್ರಿಗಳೇ, ಇಲ್ಲಿಗೆ ತಮ್ಮ ಕಾರು ಬಂತು. ಇಲ್ಲಿಂದ ಮುಂದೆ ತಮಗೆ ಗೊತ್ತಿಲ್ಲ.

ಟಾರ್ಕಿಲ್ ಬದುಕಿದ. ಹಿಮ್ಮಡಿಯ ಮೂಳೆ ಮಾತ್ರ ಪುಡಿಯಾಗಿತ್ತು. ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ಹಾಸಿಗೆಯ ಒಂದು ಬದಿಗೆ ನಾನಿದ್ದೆ, ಇನ್ನೊಂದು ಬದಿಗೆ ಲಾಕ್ಲನ್ ಇದ್ದ. ಅಣ್ಣ ಮೊದಲು ಕೇಳಿದ್ದು, "ನಾಯಿ ಹೇಗಿದೆ?"

"ನಾಯೀನ ಯಾಕೋ ಕರ್ದೆ?" ಎಂದ ಲಾಕ್ಲನ್. "ನಂಗೊಂದ್ ಹೆಸ್ರಿರ್ಲಿಲ್ವಾ?"

"ಬಾಯಿಗೆ ಅದೇ ಬಂತು. ಅಭ್ಯಾಸ."

"ಕೇಳಿಸ್ತು ನಂಗೆ. ತಿರುಗ್ಲಿಲ್ಲ."

"ಗೊತ್ತು."

ಆಮೇಲೆ ಲಾಕ್ಲನ್ ತನ್ನ ಬೂಟನ್ನೇ ನೋಡುತ್ತ, "ಅವತ್ತು ಕಟ್ಟೆ ಮೇಲೆ ನಾನ್ ಅಂದಿದ್ದು…" ಎಂದ.

"ವೋಟಿನ್ ವಿಷ್ಯಾನಾ?"

"ಅಲ್ಲ. ವೋಟಲ್ಲ. ಹಿಂದಿಲ್ಲ ಮುಂದಿಲ್ಲ ಅಂದೆ. ಮಾರ್ಸಲಿ ಪಟ್ಟ ಪಾಡೆಲ್ಲ ಗೊತ್ತಿದ್ದೂ ಅಂದೆ."

ಟಾರ್ಕಿಲ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಅಳುತ್ತಿದ್ದನೋ ಏನೋ, ನಾನು ನೋಡಲಿಲ್ಲ; ನೋಡಬಾರದು ಅನ್ನಿಸಿತು.

"ವೋಟಿಗೆ ಒಂದು ವಾರ ಕೋಪ ಇತ್ತು ಕಣೋ," ಎಂದ ಕೊನೆಗೆ. "ಉಳಿದಿದ್ದೆಲ್ಲ ಆ ಮಾತಿಗೆ."

ಲಾಕ್ಲನ್ ಅವನ ಕೈ ಹಿಡಿದುಕೊಂಡ. ಗಂಡಸರು, ಅದೂ ನಮ್ಮ ಕಡೆಯ ಗಂಡಸರು, ಕೈ ಹಿಡಿದುಕೊಂಡು ಕೂತದ್ದನ್ನು ಮದುವೆಯಾದ ಮೇಲೆ ಅದೇ ಮೊದಲು ನಾನು ಕಂಡಿದ್ದು. ಸಂಜೆಯಾಗುತ್ತಿದ್ದಂತೆ ಟಾರ್ಕಿಲ್ ಸ್ವಲ್ಪ ಚೇತರಿಸಿಕೊಂಡ. ಚೇತರಿಸಿಕೊಂಡ ಎಂದು ನಮಗೆ ಗೊತ್ತಾದದ್ದು ಹೀಗೆ: "ಆದ್ರೂ ನೀನ್ ಹಾಕಿದ್ ವೋಟು ತಪ್ಪೇ," ಎಂದ.

"ಸಾಯಕ್ಕೋಗಿ ವಾಪಸ್ ಬಂದ್ರೂ ಬುದ್ಧಿ ಬರ್ಲಿಲ್ವಲ್ಲೋ ನಿಂಗೆ!"

ನರ್ಸ್ ಬಂದು, ಬೇರೆ ರೋಗಿಗಳೂ ಇದ್ದಾರೆ ಎಂದು ಗದರಿದಳು.

ಮಾನ್ಯ ಮಂತ್ರಿಗಳೇ, ಇದು ತಾವು ಬಿಟ್ಟುಹೋದ ಅರ್ಧ. ಈಗ ಹೇಳಿ, ಆ ಅಣ್ಣತಮ್ಮಂದಿರನ್ನು ಅಗಲಿಸಿದ್ದು ಯಾವುದು? ಮತಪತ್ರದ ಮೇಲಿದ್ದ ಒಂದು ಸಾಲಿನ ಪ್ರಶ್ನೆಯೇ? ಆ ಪ್ರಶ್ನೆ ಮರ್ಯಾದಸ್ಥ ಪ್ರಶ್ನೆ. ಅದು ಯಾರ ಹೆಂಡತಿಯನ್ನೂ ಹಂಗಿಸಲಿಲ್ಲ, ಯಾರನ್ನೂ ಹೇಡಿ ಎನ್ನಲಿಲ್ಲ. ಹಂಗಿಸಿದ್ದು ನಾವು. ಅದರ ಪಾಪವನ್ನು ನಾವೇ ತೊಳೆದುಕೊಂಡಿದ್ದೇವೆ, ಸರ್ಕಾರದ ನೆರವಿಲ್ಲದೆ. ಮತ್ತೆ, ಟಾರ್ಕಿಲ್‌ನನ್ನು ತಳಕ್ಕೆ ಎಳೆದದ್ದು ಜಗಳವೇ? ಜಗಳವಾಡುತ್ತಿದ್ದಿದ್ದರೆ ಅವನು ತಮ್ಮನ ಹೆಸರು ಹಿಡಿದು ಕೂಗುತ್ತಿದ್ದ, ತಮ್ಮ ಆ ಕ್ಷಣವೇ ತಿರುಗುತ್ತಿದ್ದ. ಅವನ ಜೀವ ತೆಗೆಯಲು ನೋಡಿದ್ದು ಮೌನ. ಈಗ ತಾವು ದೇಶಕ್ಕೆಲ್ಲ ಬರೆದುಕೊಡುತ್ತಿರುವ ಮದ್ದು ಯಾವುದು? ಮೌನ. ಆ ವಿಷಯ ಎತ್ತಬೇಡಿ, ಕೇಳಬೇಡಿ, ಗಾಯ ಕೆದಕಬೇಡಿ. ರೋಗವನ್ನೇ ಸೀಸೆಗೆ ತುಂಬಿ ಔಷಧಿಯೆಂದು ಕೊಡುವ ವೈದ್ಯರನ್ನು ನಮ್ಮೂರಲ್ಲಿ ಯಾರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಈಗ ಟಾರ್ಕಿಲ್ ಕೋಲು ಊರಿ ನಡೆಯುತ್ತಾನೆ, ಸಮುದ್ರಕ್ಕೆ ಹೋಗುವುದಿಲ್ಲ. ದಡದಲ್ಲೇ ಕೂತು ಬುಟ್ಟಿ ರಿಪೇರಿ ಮಾಡುತ್ತಾನೆ. ಭಾನುವಾರ ಊಟಕ್ಕೆ ನಮ್ಮಲ್ಲಿಗೆ ಬರುತ್ತಾನೆ, ಬಂದು ವಾದ ಶುರು ಮಾಡುತ್ತಾನೆ. ಯುರೋಪಿನಿಂದ ನಮ್ಮನ್ನು ಹೊರಗೆ ತಂದ ಮೇಲಿನ ಮೊದಲ ಜನವರಿಯಲ್ಲಿ, ಕಾಗದಪತ್ರ ಸರಿಯಿಲ್ಲವೆಂದು ನಮ್ಮ ಸೀಗಡಿಯ ಲಾರಿ ದಾರಿಯಲ್ಲೇ ನಿಂತು, ಸತ್ತ ಸರಕು ಹೊತ್ತು ಹಿಂದಿರುಗಿತು. ಆ ವಾಸನೆ ಕಟ್ಟೆಯಿಂದ ಹೋಗಲು ವಾರ ಹಿಡಿಯಿತು. ಆ ಭಾನುವಾರದ ಊಟ ನೆನಪಿದೆ.

"ನೋಡಪ್ಪಾ ನಿಮ್ ಒಕ್ಕೂಟ," ಎಂದ ಟಾರ್ಕಿಲ್, ಆಲೂಗಡ್ಡೆ ಬಡಿಸಿಕೊಳ್ಳುತ್ತ. "ನೀವು ಉಳಿಯೋಣ ಅಂದಿದ್ದು ಇದಕ್ಕೇನಾ?"

"ನಿನ್ ಮಾತ್ ಕೇಳಿ ಹೊರಗ್ ಹೋಗಿದ್ರೆ ಇದೇ ಲಾರಿ ಇಂಗ್ಲೆಂಡಿನ ಗಡೀಲಿ ನಿಲ್ತಿತ್ತು," ಎಂದ ಲಾಕ್ಲನ್.

ಟಾರ್ಕಿಲ್ ಯೋಚಿಸಿದ. ಅವನು ಯೋಚಿಸುತ್ತಾನೆ, ತಮ್ಮ ಭಾಷಣದಲ್ಲಿ ಆ ಸೌಲಭ್ಯ ಅವನಿಗಿರಲಿಲ್ಲ.

"ನಿಲ್ತಿತ್ತೇನೋ. ಆದ್ರೆ ಆಗ ಅದು ನಾವೇ ಮಾಡ್ಕೊಂಡ ತಪ್ಪು. ಬೈಯೋಕೆ ದಕ್ಷಿಣಕ್ಕೆ ಮುಖ ಮಾಡ್ಬೇಕಿರ್ಲಿಲ್ಲ. ಕನ್ನಡಿ ಮುಂದೆ ನಿಂತು ಬೈಕೋಬಹುದಿತ್ತು."

ಲಾಕ್ಲನ್ ಉಪ್ಪಿನ ಡಬ್ಬಿಯನ್ನು ಅಣ್ಣನ ಕಡೆ ಸರಿಸಿದ. ಆ ಮಾತು ಇವತ್ತಿಗೂ ನನ್ನೊಳಗೆ ಓಡಾಡುತ್ತಿದೆ, ತಮ್ಮ ಭಾಷಣದಲ್ಲೂ ಅದಕ್ಕೆ ಉತ್ತರ ಸಿಗಲಿಲ್ಲ.

ಪ್ರಶ್ನೆ ತಲೆಮಾರಿಗೊಮ್ಮೆ ಎಂದು ಹೇಳಿ ಮುಗಿಸಿದ್ದಾಗಿದೆ ಎನ್ನುತ್ತೀರಿ. ಒಂದು ತಲೆಮಾರು ಎಂದರೆ ಎಷ್ಟು ಉದ್ದ, ಸ್ವಾಮೀ? ಅಂದು ಹದಿನಾರು ತುಂಬಿದವರಿಗೂ ಮತವಿತ್ತು; ಹಾಗೆ ಮತ ಹಾಕಿದ ನನ್ನ ವಿದ್ಯಾರ್ಥಿನಿಯೊಬ್ಬಳು ಈಗ ತನ್ನ ಮಗುವನ್ನು ಅದೇ ಶಾಲೆಗೆ ಬಿಡಲು ಬರುತ್ತಾಳೆ. ಅಂದು ಮತ ಹಾಕಿದ ಎಷ್ಟೋ ಮುದುಕರು ಚರ್ಚಿನ ಹಿಂದೆ ಮಲಗಿದ್ದಾರೆ. ದೇಶದ ಷರತ್ತೇ ಬದಲಾಗಿದೆ. ಯುರೋಪ್ ಬಿಡುವ ಪ್ರಶ್ನೆಗೆ ಸ್ಕಾಟ್ಲೆಂಡ್ ನೂರಕ್ಕೆ ಅರವತ್ತೆರಡರಷ್ಟು ಬೇಡ ಎಂದರೂ ನಮ್ಮನ್ನು ಎತ್ತಿ ಹೊರಗಿಡಲಾಯಿತು. ಇಂಗ್ಲೆಂಡ್ ಯುರೋಪಿನ ಒಕ್ಕೂಟದ ಬಗ್ಗೆ ನಲವತ್ತು ವರ್ಷದಲ್ಲಿ ಎರಡು ಸಲ ಯೋಚಿಸಬಹುದು, ಅದು ಪ್ರಜಾಪ್ರಭುತ್ವ. ನಾವು ನಮ್ಮ ಒಕ್ಕೂಟದ ಬಗ್ಗೆ ಎರಡನೇ ಸಲ ಯೋಚಿಸಿದರೆ ಅದು ಗೃಹಕಲಹ!

ಒಕ್ಕೂಟವನ್ನು ತಾವು ಆಗಾಗ ಮದುವೆಗೆ ಹೋಲಿಸುತ್ತೀರಿ. ಚಂದದ ಹೋಲಿಕೆ. ನಾನು ಮದುವೆಯಾಗಿ ನಲವತ್ತೊಂದು ವರ್ಷವಾಯಿತು. ಲಾಕ್ಲನ್ ಒಂದು ದಿನವೂ ನನಗೆ, "ನೀನು ಹೋಗಬೇಕಾದರೆ ನನ್ನ ಅಪ್ಪಣೆ ಬೇಕು, ಅಪ್ಪಣೆ ಯಾವಾಗ ಕೊಡುತ್ತೇನೆ ಎಂದು ಕೇಳಬೇಡ, ಕೇಳಿದರೆ ಮನೆ ಒಡೆದವಳು ನೀನೇ" ಎಂದಿಲ್ಲ. ಅಂದಿದ್ದರೆ ನಲವತ್ತೊಂದು ವರ್ಷ ಆಗುತ್ತಿರಲಿಲ್ಲ. ತಮ್ಮ ಒಪ್ಪಿಗೆಯಿಲ್ಲದೆ ನಮ್ಮ ಸಂಸತ್ತು ಆ ಪ್ರಶ್ನೆಯನ್ನು ಜನರ ಮುಂದಿಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಕಾನೂನು ಹಾಗಿದ್ದರೆ ಹಾಗೆ, ನ್ಯಾಯಮೂರ್ತಿಗಳೊಂದಿಗೆ ನನ್ನ ತಕರಾರಿಲ್ಲ. ಆದರೆ ತಮ್ಮ ಒಪ್ಪಿಗೆ ಸಿಗುವುದು ಹೇಗೆ? ಸಮುದ್ರದಾಚೆಯ ಉತ್ತರ ಐರ್ಲೆಂಡಿನವರಿಗೆ, ಬಹುಮತ ಬದಲಾದಂತೆ ಕಂಡರೆ ಐರ್ಲೆಂಡಿಗೆ ಸೇರುವಿರಾ ಎಂಬ ಪ್ರಶ್ನೆ ಕೇಳಲಾಗುವುದು ಎಂದು ಬರೆದುಕೊಟ್ಟಿದ್ದೀರಿ. ಅಷ್ಟೊಂದು ರಕ್ತ ಹರಿದ ಮೇಲೆ ಬರೆದುಕೊಟ್ಟಿರಿ. ಒಂದು ಕಲ್ಲನ್ನೂ ಎಸೆಯದೆ, ಸಾಲಿನಲ್ಲಿ ನಿಂತು ಮತ ಹಾಕಿ, ಸೋತವರು ಅಳುತ್ತ, ಗೆದ್ದವರು ನಾಚುತ್ತ ಮನೆಗೆ ಹೋದೆವಲ್ಲ, ನಮಗೆ ಅದಕ್ಕಾಗಿಯೇ ಏನನ್ನೂ ಬರೆದುಕೊಡಬೇಕಾಗಿಲ್ಲವೇ?

ತಮ್ಮ ಭಾಷಣ ಓದಿದ ದಿನ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನೂ ತಿಳಿಸುತ್ತೇನೆ. ಟಾರ್ಕಿಲ್ ನಕ್ಕ. "ಪರ್ವಾಗಿಲ್ವೇ, ನಾನು ಬದುಕಿದ್ದಕ್ಕಿಂತ ಮುಳುಗಿದ್ದೇ ಅವ್ರಿಗೆ ಉಪ್ಯೋಗಕ್ಕೆ ಬಂತು," ಎಂದ. ಕೋಪ ಬಂದದ್ದು ಲಾಕ್ಲನ್‌ಗೆ. ತಮ್ಮ ಪಕ್ಷಕ್ಕೇ ಮತ ಹಾಕುತ್ತ ಬಂದವನು. ಪತ್ರಿಕೆಯನ್ನು ಮೇಜಿನ ಮೇಲೆ ಬಡಿದು, "ನನ್ನಣ್ಣ ಸಾಯೋಕೆ ಹೋಗಿದ್ದಕ್ಕೆ ಇವ್ರು ಚಪ್ಪಾಳೆ ಹೊಡೆಸ್ಕೊಂಡ್ರಾ?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಬರಿ," ಎಂದ. "ನಂಗೆ ಬರೆಯೋಕೆ ಬರಲ್ಲ, ಬೈಯೋಕಷ್ಟೇ ಬರೋದು. ನೀನ್ ಬರಿ."

ಬರೆದಿದ್ದೇನೆ. ಕೇಳುವುದು ಎರಡು.

ನನ್ನ ಗಂಡನನ್ನೂ ಭಾವನನ್ನೂ ತಮ್ಮ ಭಾಷಣದಿಂದ ಇಳಿಸಿಬಿಡಿ. ಅವರು ಯಾವುದಕ್ಕೂ ಸಾಕ್ಷಿಯಲ್ಲ. ತಾವು ಹೇಳಬೇಕಾದ್ದಕ್ಕೆ ತಮ್ಮದೇ ಅಣ್ಣತಮ್ಮಂದಿರನ್ನು ಹುಡುಕಿಕೊಳ್ಳಿ.

ಎರಡನೆಯದು, ಸ್ಕಾಟ್ಲೆಂಡಿನ ಜನ ಈ ಪ್ರಶ್ನೆಯನ್ನು ಮತ್ತೆ ತಮಗೆ ತಾವೇ ಕೇಳಿಕೊಳ್ಳಬೇಕೆಂದರೆ ಯಾವ ದಾರಿಯಲ್ಲಿ ಬರಬೇಕು, ಎಷ್ಟು ಜನ ಬರಬೇಕು, ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಸ್ಪಷ್ಟ ಮಾತಿನಲ್ಲಿ ಸಾರ್ವಜನಿಕವಾಗಿ ಹೇಳಿ. ದಾರಿ ಇಲ್ಲವೆಂದಾದರೆ, ಇಲ್ಲ ಎನ್ನಿ. ಕುಟುಂಬಗಳ ಕಣ್ಣೀರಿನ ಹಿಂದೆ ನಿಂತು ಹೇಳಬೇಡಿ, ಎದುರಿಗೆ ಬಂದು ಹೇಳಿ.

ಇದನ್ನು ಟಾರ್ಕಿಲ್ ಕೇಳುತ್ತಿಲ್ಲ. ಅವನು ತಮಗೆ ಎಂದೂ ದಕ್ಕಿದವನಲ್ಲ, ಅವನನ್ನು ಕಳೆದುಕೊಳ್ಳುವ ಭಯವೂ ತಮಗಿಲ್ಲ. ಕೇಳುತ್ತಿರುವವಳು ನಾನು, ಉಳಿಯೋಣ ಎಂದವಳು. ನಾಳೆ ಕೇಳಿದರೂ ಬಹುಶಃ ಹಾಗೆಯೇ ಅನ್ನುತ್ತೇನೆ. ಮಗಳು ಅಲ್ಲಿದ್ದಾಳೆ, ವಯಸ್ಸಾಗಿದೆ, ಹೊಸ ದೇಶ ಕಟ್ಟುವ ಕೆಲಸ ಸಣ್ಣದಲ್ಲ. ಆದರೆ ಉಳಿಯುವುದು ಬೇರೆ, ಉಳಿಸಿಕೊಳ್ಳಲ್ಪಡುವುದು ಬೇರೆ. ನನ್ನ ಇಷ್ಟದಿಂದ ಉಳಿದೆ ಎಂದುಕೊಂಡು ಇಷ್ಟು ವರ್ಷ ತಲೆಯೆತ್ತಿ ನಡೆದಿದ್ದೇನೆ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದೆ ಎಂದು ತಾವೇ ನನಗೆ ಮನವರಿಕೆ ಮಾಡಿಕೊಟ್ಟ ದಿನ, ಅದನ್ನು ಒದೆಯುವ ಮೊದಲ ಕಾಲು ನನ್ನದಾಗಿರುತ್ತದೆ.

ಇಂತಿ,
ಸದ್ಯಕ್ಕೆ ತಮ್ಮ ಒಕ್ಕೂಟದವಳೇ ಆದ,
ಡೋಲಿನಾ ಮ್ಯಾಕ್‌ಫೇಲ್
ನಿವೃತ್ತ ಶಾಲಾ ಶಿಕ್ಷಕಿ, ಪೋರ್ಟ್ ಫಿಯರ್ನ